ಬನಿಯನ್ನಿನ ವೆಸ್ಟ್, ದಿಕ್ಕಿನ ವೆಸ್ಟ್

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನಿಮಗೇನಾದರೂ ಗೊತ್ತಿದ್ದರೆ ಹೇಳಿಬಿಡಿ. ನನಗಂತೂ ಗೊತ್ತಿಲ್ಲ. ತಪ್ಪು ನನ್ನ ಪ್ರತಿಭೆಯದೂ ಇರಬಹುದು (ಇದೆ, ಇಲ್ಲವೆನ್ನುವುದಿಲ್ಲ), ಆದರೆ ಹೆಚ್ಚಿನ ತಪ್ಪು ಕನ್ನಡ ಲಿಪಿಯದು. ಮೊದಲ ವಾಕ್ಯ ಹೀಗಿರಬೇಕಿತ್ತು:

"ಬೈಲಹೊಂಗಲದ ಬಜಾರದಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ, ಅನ್ನಪೂರ್ಣಾ ಮೇಡಂ ಬೋರ್ಡಿನ ಮೇಲೆ ಎರಡು ಇಂಗ್ಲಿಷ್ ಪದ ಬರೆದರು: ವೆಸ್ಟ್, ವೆಸ್ಟ್."

ನೋಡಿದಿರಾ? ಮೊದಲನೆಯದು ಬನಿಯನ್ನು, ಎರಡನೆಯದು ಪಶ್ಚಿಮ ದಿಕ್ಕು. ಮೊದಲನೆಯದನ್ನು ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಎರಡನೆಯದಕ್ಕೆ ತುಟಿ ದುಂಡಗಾಗಬೇಕು, ಬಿಸಿ ಚಹಾ ಊದುವಾಗ ಆಗುವ ಹಾಗೆ. ಮಿಕ್ಕದ್ದೆಲ್ಲ ಒಂದೇ, ಒಂದು ಧ್ವನಿ ಮಾತ್ರ ಬೇರೆ, ಅಷ್ಟಕ್ಕೇ ಅರ್ಥ ಬೇರೆ. ಇಂಥ ಜೋಡಿಗೆ ಮಿನಿಮಲ್ ಪೇರ್ ಎನ್ನುತ್ತಾರೆ. ನಮ್ಮ 'ವ' ಎಂಬ ಪುಣ್ಯಾತ್ಮ ಅಕ್ಷರ ಎರಡಕ್ಕೂ ತಾನೇ ನಿಂತುಕೊಳ್ಳುತ್ತದೆ, ನಮ್ಮ ಕಿವಿಯೂ ಅದನ್ನೇ ಒಪ್ಪಿಕೊಂಡಿದೆ. ಬರೆಯಲಿಕ್ಕೇ ಬಾರದ ವ್ಯತ್ಯಾಸದ ಬಗ್ಗೆ ನಾನು ಕತೆ ಬರೆಯಲು ಕೂತಿದ್ದೇನೆ. ಇನ್ನೊಂದು ಆರಂಭ ಹುಡುಕಬೇಕು.

೨

ಸರಿ, ಜನರಿಂದ ಶುರು ಮಾಡೋಣ.

ಅನ್ನಪೂರ್ಣಾ ಮೇಡಂ ಕಿತ್ತೂರಿನ ಮಗಳು, ಬೈಲಹೊಂಗಲದ ಸೊಸೆ. ಶಾಲೆಯ ಕೆಲಸ ಬಿಟ್ಟು ಸ್ಪೋಕನ್ ಇಂಗ್ಲಿಷ್ ಕ್ಲಾಸು ತೆರೆದಿದ್ದಾರೆ. ಬೆಳಗಾವಿಯ ಕಂಪನಿಯೊಂದು ಫೋನಿನಲ್ಲಿ ಗಿರಾಕಿಗಳ ಜೊತೆ ಮಾತಾಡಲು ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತಿದೆ. ಉಚ್ಚಾರ ಸ್ವಚ್ಛ ಇರಬೇಕು, ಪರೀಕ್ಷೆಯೂ ಫೋನಿನಲ್ಲೇ. ಅದಕ್ಕೇ ಮೇಡಂ ಮಿನಿಮಲ್ ಪೇರ್ ಹಿಡಿದುಕೊಂಡು ಕೂತಿದ್ದು.

ಅವರ ಪದ್ಧತಿ ಸರಳ. ಬೋರ್ಡಿನ ಮೇಲೆ ಎರಡು ಪದ ಬರೆದು, ಮಕ್ಕಳ ಕಡೆ ತಿರುಗಿ, ಎರಡರಲ್ಲಿ ಒಂದನ್ನು ಹೇಳುತ್ತಾರೆ.

"ಎಲ್ಲಾರೂ ಕಣ್ಣ ಮುಚ್ಚರಿ. ಮೊದಲನೇದ್ದು ಅನಸಿದ್ರ ಒಂದು ಬಟ್ಟ ಎತ್ತರಿ, ಎರಡನೇದ್ದು ಅನಸಿದ್ರ ಎರಡು. ಮಗ್ಗಲದವರ ಬಟ್ಟ ನೋಡಿ ಎತ್ತಬ್ಯಾಡ್ರಿ ಮತ್ತ!"

ಬೆರಳುಗಳು ಏಳುತ್ತವೆ. ಬನಿಯನ್ನಿನ ವೆಸ್ಟಿಗೆ ದಿಕ್ಕಿನ ಬೆರಳು, ದಿಕ್ಕಿನ ವೆಸ್ಟಿಗೆ ಬನಿಯನ್ನಿನ ಬೆರಳು. ಸವದತ್ತಿಯಿಂದ ಬರುವ ಇಬ್ಬರು ಹುಡುಗಿಯರು ಒಂದೂವರೆ ಬೆರಳು ಎತ್ತುವುದನ್ನು ಕಂಡುಹಿಡಿದಿದ್ದಾರೆ. ರಾಮದುರ್ಗದ ಕಡೆಯ ಕಟಕೋಳದಿಂದ ಬಂದು ಇಲ್ಲಿ ಅಕ್ಕನ ಮನೆಯಲ್ಲಿ ಉಳಿದಿರುವ ಕಲ್ಮೇಶನ ಕಷ್ಟ ಯಾರಿಗೂ ಬೇಡ.

"ಅಕ್ಕೋರ, 'ವೆರಿ ವೆಲ್' ಅನ್ನಾಕ ಹ್ವಾದ್ರ ನನ್ನ ಹಲ್ಲೂ ತುಟಿನೂ ಕೂಡೇ ಬರ್ತಾವ್ರಿ. ಒಳಗ ಜಗಳಾ ಬೀಳ್ತಾವು."

ತಪ್ಪೇ ಮಾಡದವಳು ಒಬ್ಬಳೇ. ದೊಡವಾಡದ ರಾಣಿ. ರಾಮಲಿಂಗಪ್ಪ-ಶಟ್ಟೆವ್ವರ ಮಗಳು, ಪಿಯುಸಿ ಮುಗಿಸಿದವಳು, ಬೆಳಗಿನ ಬಸ್ಸಿಗೆ ಬರುತ್ತಾಳೆ. ಬನಿಯನ್ನು, ದಿಕ್ಕು, ಯಾವುದನ್ನೇ ಹೇಳಲಿ, ಅವಳ ಬೆರಳು ಸರಿ. ಕನ್ನಡದ ಕಿವಿಗೆ ಹತ್ತದ ಇನ್ನೊಂದು ಜೋಡಿ ಇದೆ, ಮೀನಿನ ರೆಕ್ಕೆಯ 'ಫಿನ್' ಮತ್ತು ತೆಳ್ಳಗಿನ 'ಥಿನ್'. ಅದರಲ್ಲೂ ಸರಿ. "ಇದು ಕಿವಿ ಅಲ್ಲವ್ವ, ಮುತ್ತು," ಎಂದು ಮೇಡಂ ಅವಳ ಬೆನ್ನು ತಟ್ಟಿದರು. ಕಂಪನಿಗೆ ಮೊದಲ ಹೆಸರಾಗಿ ಅವಳದನ್ನೇ ಕಳಿಸಿದರು. ಬರುವ ಸೋಮವಾರ ಅವಳಿಗೆ ಫೋನ್ ಬರುತ್ತದೆ.

ನನ್ನ ಕತೆ ಇಷ್ಟೇ ಆಗಬೇಕಿತ್ತು. ಹಳ್ಳಿಯ ಹುಡುಗಿ, ಮುತ್ತಿನಂಥ ಕಿವಿ, ಫೋನ್, ನೌಕರಿ, ಪೇಢಾ. ಯಾವುದಾದರೂ ದೀಪಾವಳಿ ಸಂಚಿಕೆಗೆ ಹಗುರವಾಗಿ ಸಾಗಿಹೋಗುತ್ತಿತ್ತು.

೩

ಮೊದಲ ಕರಡಿನಲ್ಲಿ "ಎಲ್ಲರೂ ಕಣ್ಣು ಮುಚ್ಚಿದರು" ಎಂದು ಬರೆದಿದ್ದೆ. ರಾಣಿ ಹಾಳೆಯಿಂದ ತಲೆ ಎತ್ತಿದಳು.

"ನಾ ಮುಚ್ಚಂಗಿಲ್ರಿ ಸರ."

"ಯಾಕವ್ವಾ?"

"ಕಾಡಿಗಿ ಹರಡತೈತಿ."

"ಕಣ್ಣು ಮುಚ್ಚಿದರೆ ಕಾಡಿಗೆ ಯಾಕೆ ಹರಡಬೇಕು?"

"ನೀವು ಕಾಡಿಗಿ ಹಚ್ಕೊಂಡೀರೇನ್ರಿ? ಇಲ್ಲಲ್ಲ. ಸುಮ್ನ ಬರೀರಿ."

ಪಾತ್ರದ ಜೊತೆ ಕಾಡಿಗೆಗಾಗಿ ಜಗಳಾಡುವ ಲೇಖಕ ಎಂಥವನೆಂದು ನೀವೇ ಊಹಿಸಿಕೊಳ್ಳಿ. ತಿದ್ದಿದೆ: "ಎಲ್ಲರೂ ಕಣ್ಣು ಮುಚ್ಚಿದರು, ರಾಣಿಯೊಬ್ಬಳನ್ನು ಬಿಟ್ಟು." ನಕಲು ಮಾಡುತ್ತಾಳೆಂಬ ಅನುಮಾನ ನನಗೂ ಬಂತು. ಆದರೆ ಸುತ್ತಲಿನವರ ಬೆರಳೆಲ್ಲ ತಪ್ಪೇ ಇರುವಾಗ ಯಾರದನ್ನು ನಕಲು ಮಾಡುತ್ತಾಳೆ? ಬಿಟ್ಟುಬಿಟ್ಟೆ.

ಅವಳನ್ನು ಹಿಂದಿನ ಕಿಟಕಿಯ ಪಕ್ಕ ಕೂಡಿಸಿದ್ದೆ. (ಕಿಟಕಿಯಿಂದ ಬಿಸಿಲು ಅವಳ ಕೂದಲಿನ ಮೇಲೆ ಬೀಳಲಿ ಎಂಬ ನನ್ನ ಚಪಲ.) ಮರುದಿನ ಹಾಳೆ ತೆಗೆದರೆ ಮೊದಲ ಬೆಂಚಿನಲ್ಲಿ, ಮೇಡಂ ಎದುರಿಗೇ ಕೂತಿದ್ದಳು. ಅದನ್ನೂ ಒಪ್ಪಿಕೊಂಡೆ.

೪ (ಕೈಬಿಟ್ಟ ಎರಡು ಕರಡು)

ಪ್ರೇಮದ ಕರಡು. ಹಿಂದಿನ ಬೆಂಚಿನಿಂದ ಕಲ್ಮೇಶ ಬಾಗಿ, "ರಾಣಿ, ಸಂಜೀಕ ಚಾ ಕುಡಿಯೂಣೇನು?" ಎಂದು ಪಿಸುಗುಟ್ಟಿದ. ಅವಳು ತಿರುಗಲಿಲ್ಲ. "ಅವಳ ಮೌನದಲ್ಲಿ ಸಾವಿರ ಮಾತಿದ್ದವು" ಎಂದು ಬರೆದೆ. (ಹೊಡೆಯಬೇಡಿ, ಹರಿದು ಹಾಕಿದ್ದೇನೆ.) ಕಲ್ಮೇಶ ಸಿಟ್ಟಾಗಿ ನನ್ನ ಹತ್ತಿರವೇ ಬಂದ.

"ಸರ, ಎಷ್ಟ ಧಿಮಾಕ ನೋಡ್ರಿ ಆಕೀದು. ಹೂಂ ಇಲ್ಲ, ಹಾಂ ಇಲ್ಲ. ಬ್ಯಾಡ ಅಂದಿದ್ರೂ ನಡೀತಿತ್ತು. ನಾ ಏನ ಕಲ್ಲ ಗೋಡಿ ಕೂಡ ಮಾತಾಡಾಕ ಹತ್ತೇನ್ಯೇನು? ನನ್ನ ಬ್ಯಾರೆ ಕತಿಗೆ ಹಾಕ್ರಿ."

ನನಗೂ ಹಾಗೇ ಅನ್ನಿಸಿತು. ಅವಳ ವಿವರಕ್ಕೆ 'ಸ್ವಲ್ಪ ಧಿಮಾಕಿನವಳು' ಎಂದು ಸೇರಿಸಿದೆ.

ಹಾಸ್ಯದ ಕರಡು. ಇದರ ನಾಯಕಿ ರಾಣಿಯ ತಾಯಿ ಶಟ್ಟೆವ್ವ. ಹೊರಟವರನ್ನು ಹಿಂದಿನಿಂದ ಕರೆಯಬಾರದು, ಅಪಶಕುನ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿ, ಮರುಕ್ಷಣವೇ ಕರೆಯುತ್ತಾರೆ. ಶಟ್ಟೆವ್ವನದು ಹಾಗಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಹೊರಟವರನ್ನೂ ಅವಳ ಮನೆಯಲ್ಲಿ ಹಿಂದಿನಿಂದ ಕರೆಯುವಂತಿಲ್ಲ. ಕರಿಬೇವು ತರಲು ಹೇಳುವುದು ಮರೆತರೆ ಸೆರಗು ಸಿಕ್ಕಿಸಿಕೊಂಡು ಓಡುತ್ತಾಳೆ, ಮಗಳನ್ನು ದಾಟಿ ಮುಂದೆ ಹೋಗಿ, ಎದುರು ನಿಂತು, ಏದುಸಿರು ಬಿಡುತ್ತ "ಕರಿಬೇವು" ಎನ್ನುತ್ತಾಳೆ. ಒಮ್ಮೆ ಬಸ್ ಸ್ಟ್ಯಾಂಡಿನ ತನಕ ಹಾಗೇ ಓಡಿದ್ದಳು. ಗಂಡ ರಾಮಲಿಂಗಪ್ಪ ಅಭ್ಯಾಸಬಲದಿಂದ ಮಗಳನ್ನು ಹಿತ್ತಲಿನಿಂದ ಕೂಗಿದರೆ ಆ ದಿನ ಅವನಿಗೆ ರೊಟ್ಟಿಯ ಜೊತೆ ಬೈಗುಳವೂ ಬಿಸಿಬಿಸಿ. ಬರೆಯುವಾಗ ನಾನೇ ನಕ್ಕೆ. ಮೂಢನಂಬಿಕೆಯ ಮೇಲೆ ಒಂದು ಒಳ್ಳೆಯ ಚಾಟಿ ಬೀಸಿದೆ ಎಂಬ ಹೆಮ್ಮೆಯೂ ಆಯಿತು. ಮೂಲಕತೆಗೆ ಸಂಬಂಧವಿಲ್ಲವೆಂದು ಪಕ್ಕಕ್ಕಿಟ್ಟೆ.

೫

ಈಗ ಮುಖ್ಯ ದೃಶ್ಯ. ಮುಖ್ಯ ಎಂದು ನಾನು ಅಂದುಕೊಂಡಿರಲಿಲ್ಲ. ಎರಡು ದೊಡ್ಡ ದೃಶ್ಯಗಳ ನಡುವೆ ಉಸಿರು ಬಿಡಲಿಕ್ಕೆ ಹಾಕಿಕೊಂಡ ಸಣ್ಣ ತುಂಡು ಇದು.

ಆ ದಿನ ಮೇಡಂ ಸುಲಭದ ಜೋಡಿ ತೆಗೆದುಕೊಂಡರು. ಪ್ಯಾಟ್, ಬ್ಯಾಟ್. ಬ್ಯಾಟ್, ಮ್ಯಾಟ್. ಪ, ಬ, ಮ ನಮಗೆ ನೀರು ಕುಡಿದಷ್ಟು ಸಲೀಸು, ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೂ ಇಂಗ್ಲಿಷಿನ 'ಪ'ಗೆ ಗಾಳಿ ಹೆಚ್ಚು ಎಂದು ತೋರಿಸಲು ಮೇಡಂ ಹುಡುಗಿಯರ ಬಸ್ ಟಿಕೆಟ್ ಇಸಿದುಕೊಂಡರು, ಹೆಣ್ಣುಮಕ್ಕಳ ಆ ಪುಕ್ಕಟೆ ಟಿಕೆಟ್. ಅದನ್ನು ಬಾಯಿಯ ಮುಂದೆ ಹಿಡಿದು 'ಪ್ಯಾಟ್' ಎಂದರೆ ಚೀಟಿ ಹಾರಾಡುತ್ತದೆ, 'ಬ್ಯಾಟ್' ಎಂದರೆ ಸುಮ್ಮನಿರುತ್ತದೆ. ರಾಣಿಯ ಬೆರಳು ಎಲ್ಲ ಸಲವೂ ಸರಿ.

"ಟಿಕೀಟ ಸಾಕು. ಈಗ ಬರೇ ಕಿವೀಲೆ ಕೇಳ್ರಿ. ಕಣ್ಣ ಮುಚ್ಚರಿ."

ಮೇಡಂ 'ಬ್ಯಾಟ್' ಎಂದರು. ಎಲ್ಲರದೂ ಎರಡು ಬೆರಳು. ರಾಣಿಯದು ಒಂದು.

ಬರೆಯುವಾಗ ಕೈ ತಪ್ಪಿರಬೇಕೆಂದು ಅಳಿಸಿ, ಎರಡು ಎಂದು ತಿದ್ದಿದೆ. ಮತ್ತೆ ಓದಿದರೆ ಒಂದೇ ಬೆರಳಿತ್ತು. ಮೇಡಂ 'ಪ್ಯಾಟ್' ಎಂದರು, ರಾಣಿ ಎರಡು ಎತ್ತಿದಳು. ಮುಂದಿನ ಜೋಡಿಗೆ ಹೋಗಿ 'ಮ್ಯಾಟ್' ಎಂದರು, ರಾಣಿಯ ಕೈ ಅರ್ಧಕ್ಕೆ ಏರಿ ನಿಂತಿತು. ಮುತ್ತಿನ ಕಿವಿಯ ಹುಡುಗಿಗೆ ಅಂಗನವಾಡಿಯ ಪಾಠ ತಪ್ಪುತ್ತಿದೆ! ತಮಾಷೆ ಮಾಡುತ್ತಿದ್ದಾಳೆಂದು ಮೇಡಂ ನಗಲು ಹೊರಟರು. ನಗು ಬಾಯಿಗೆ ಬರುವ ಮೊದಲೇ ಹೋಯಿತು. ಅವರು ರಾಣಿಯ ಕಣ್ಣುಗಳನ್ನು ನೋಡಿದರು. ಆ ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನು ನೋಡಿದರು.

ಉಳಿದವರ ಕಣ್ಣು ಇನ್ನೂ ಮುಚ್ಚಿಯೇ ಇದ್ದವು. ಮೇಡಂ ನಿಧಾನಕ್ಕೆ ಕೈಯಲ್ಲಿದ್ದ ಪುಸ್ತಕವನ್ನು ಎತ್ತಿ ತಮ್ಮ ಬಾಯಿಗೆ ಅಡ್ಡ ಹಿಡಿದರು. ಅದರ ಹಿಂದಿನಿಂದ ಹೇಳಿದರು: "ವೆಸ್ಟ್." ಮತ್ತೆ ಹೇಳಿದರು: "ವೆಸ್ಟ್." ಆಮೇಲೆ ಹೇಳಿದರು: "ರಾಣಿ, ನಿನಗ ಕೇಳತೈತೇನವ್ವ?"

ರಾಣಿ ಪುಸ್ತಕದ ರಟ್ಟನ್ನೇ ನೋಡುತ್ತ ಕೂತಿದ್ದಳು. ಒಂದು ಬೆರಳೂ ಇಲ್ಲ, ಎರಡೂ ಇಲ್ಲ.

ಲೇಖಕನಾದವನಿಗೆ ತನ್ನ ಪಾತ್ರದ ಬಗ್ಗೆ ಹೀಗೆ ಹಾಳೆಯ ಮೇಲೆ ಗೊತ್ತಾಗಬಾರದು. ನೀವು ಒಂದು ಕೆಲಸ ಮಾಡಿ, ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ಪ, ಬ, ಮ ಅನ್ನಿ. ಮೂರಕ್ಕೂ ತುಟಿ ಕೂಡುತ್ತದೆ, ಬಿಡುತ್ತದೆ. ಹಾರಾಡಲು ಟಿಕೆಟ್ ಇಲ್ಲದಿದ್ದರೆ ನೋಡುವ ಕಣ್ಣಿಗೆ ಮೂರೂ ಒಂದೇ. ಈಗ ಎರಡು ವೆಸ್ಟ್ ಅನ್ನಿ. ಒಂದಕ್ಕೆ ಹಲ್ಲು ಕಾಣುತ್ತದೆ, ಇನ್ನೊಂದಕ್ಕೆ ತುಟಿ ದುಂಡಗಾಗುತ್ತದೆ. ನಮ್ಮ ಕಿವಿಗೆ ಸಿಗದೆ ಒದ್ದಾಡಿಸಿದ ವ್ಯತ್ಯಾಸ ಅವಳಿಗೆ ಹಗಲಿನಷ್ಟು ಸ್ಪಷ್ಟ ಇತ್ತು, ಯಾಕೆಂದರೆ ಅವಳು ಅದನ್ನು ಕೇಳುತ್ತಲೇ ಇರಲಿಲ್ಲ. ನೋಡುತ್ತಿದ್ದಳು.

ಕಾಡಿಗೆ, ಮೊದಲ ಬೆಂಚು, ಕಲ್ಮೇಶನ ಪಿಸುಮಾತು, ಎಲ್ಲ ನನ್ನ ಕೈಯಿಂದಲೇ ಬರೆದದ್ದು. ಬರೆದೂ ನನಗೆ ಕಂಡಿರಲಿಲ್ಲ. 'ಧಿಮಾಕಿನವಳು' ಎಂದು ಬೇರೆ ಸೇರಿಸಿದ್ದೆನಲ್ಲ, ಅದನ್ನು ಹೊಡೆದು ಹಾಕಿದೆ. ಹಾಳೆ ತೂತು ಬಿತ್ತು.

೬

(ಈ ಭಾಗದಲ್ಲಿ ಲೇಖಕ ಚಹಾ ಕುಡಿಯಲು ಹೋಗಿದ್ದ. ಹೋಟೆಲಿನಲ್ಲಿ ಕೂತು ಜನರ ಬಾಯಿ ನೋಡಿದ. ಒಬ್ಬನ ಬಾಯಲ್ಲಿ ಗುಟಕಾ, ತುಟಿ ತೆರೆಯದೆ ಮಾತಾಡುತ್ತಿದ್ದ. ಇನ್ನೊಬ್ಬನ ಮೀಸೆ ತುಟಿಯನ್ನು ಪೂರಾ ನುಂಗಿತ್ತು. ಹಿರಿಯರ ಎದುರು ನಿಂತ ಹೆಣ್ಣುಮಗಳೊಬ್ಬಳು ಸೆರಗಿನ ಅಂಚನ್ನು ಬಾಯಿಗೆ ಹಿಡಿದು ಏನೋ ಹೇಳುತ್ತಿದ್ದಳು. ಮಾಲೀಕ ಬೆನ್ನು ತಿರುಗಿಸಿಕೊಂಡೇ ಚಿಲ್ಲರೆ ಕೇಳುತ್ತಿದ್ದ. ಇಂಥ ಜನರ ನಡುವೆ ಇಷ್ಟು ವರ್ಷ ಒಬ್ಬ ಹುಡುಗಿ ಹೇಗೆ ದಾಟಿಕೊಂಡು ಬಂದಳು ಎಂದು ಅವನಿಗೆ ತಿಳಿಯಲಿಲ್ಲ. ಚಹಾ ತಣ್ಣಗಾಯಿತು.)

೭

ವಾಪಸು ಬಂದರೆ ರಾಣಿ ಹಾಳೆಯ ಮೇಲೆ ಕಾಯುತ್ತಿದ್ದಳು. ಇಷ್ಟು ಸಿಟ್ಟಾದ ಪಾತ್ರವನ್ನು ನಾನು ನೋಡಿಲ್ಲ.

"ಯಾರು ಬರೀ ಅಂದಿದ್ರಿ ಅದನ್ನ?"

"ನಾನಾಗಿ ಬರೆಯಲಿಲ್ಲ, ನೀನೇ ತಪ್ಪು ಬೆರಳು ಎತ್ತಿದೆ."

"ನೀವ ಪ, ಬ ತಂದು ಮುಂದ ಇಟ್ರಿ. ಮನ್ಯಾಗ ಮಾತಿನ ಸಂದರ್ಭ ಇರತೈತಿ, ಪಾಪ ಯಾವುದು ಬಾಬ ಯಾವುದು ತಿಳೀತೈತಿ. ಬೋರ್ಡಿನ ಮ್ಯಾಲ ಬರೇ ಎರಡು ಪದಾ ಒಗದ್ರ ನಾ ಏನ ಮಾಡ್ಲಿ?"

ಎಂದಿನಿಂದ ಹೀಗೆ ಎಂದು ಕೇಳಿದೆ.

"ಸಾಲ್ಯಾಗ ಎರಡನೆತ್ತ್ಯಾಗ ಇದ್ದಾಗ ಜ್ವರಾ ಬಂದಿತ್ರಿ. ಆಮ್ಯಾಲ ಹಳೂಕ ಹಳೂಕ ಹೋತು. ಗದ್ದಲಾ ಕೇಳತೈತಿ, ಮಾತು ಕೇಳಂಗಿಲ್ಲ."

"ಮತ್ತೆ ಫೋನಿನ ನೌಕರಿಯ ಕ್ಲಾಸಿಗೆ ಯಾಕೆ ಬಂದೆ ಮಾರಾಯಿತಿ?"

"ಅಪ್ಪ ಹಚ್ಚಿದ. ಒಂದಿನ ಕುಂತು ಬಿಟ್ಟಬಿಡೂಣು ಅಂತ ಬಂದ್ನಿ. ಅಕ್ಕೋರನ್ನ ನೋಡಿದ್ನಿ. ಅಷ್ಟು ಬಾಯಿ ತಗದು, ಮಾರಿ ನಮ್ಮ ಕಡೆ ಹಿಡದು, ಒಂದೊಂದ ಅಕ್ಷರಾ ಬಿಡಿಸಿ ಬಿಡಿಸಿ ಮಾತಾಡೋರನ್ನ ನಾ ಅಲ್ಲೀ ತನಕ ನೋಡಿದ್ದಿಲ್ರಿ. ಅಲ್ಲೆ ಕುಂತ್ರ ನನಗ ಕೇಳಾಕ ಹತ್ತೈತಿ ಅನಸ್ತಿತ್ತು. ಹೆಂಗ ಬಿಡ್ಲಿ?"

ಅವಳೇ ಮುಂದುವರಿಸಿದಳು.

"ನಮ್ಮ ಓಣ್ಯಾಗ ಒಬ್ಬಾಕಿ ಆಯಿ ಅದಾಳ್ರಿ. ಕೆಪ್ಪಿ ಅಂತಾರ. ಕೆಪ್ಪಿ ಬಂದ್ಲು, ಕೆಪ್ಪಿ ಉಂಡ್ಲೇನು, ಕೆಪ್ಪೀದು ಸೀರಿ ಒಣಗೈತೇನು. ಮುದಕವ್ವ ಅಂತ ಆಕಿ ಹೆಸರು. ಮಮ್ಮಕ್ಕಳಿಗೂ ಗೊತ್ತಿಲ್ಲ ಅದು. ನನಗ ರಾಣಿ ಅಂತ ಹೆಸರಿಟ್ಟಾರ್ರಿ ಸರ. ಅದು ಹೋಗಬಾರದು. ಅಕ್ಕೋರು ಯಾರಿಗೂ ಹೇಳಧಂಗ ಮಾಡ್ರಿ. ಅವ್ವಗಂತೂ ಗೊತ್ತಾಗಲೇಬಾರದು. ಗೊತ್ತಾದ್ರ ಎದಿ ಒಡಕೊಂಡು ಸಾಯ್ತಾಳ."

"ನಾನು ಬರೆದುಬಿಟ್ಟಿದ್ದೇನಲ್ಲ."

"ಅಳಸ್ರಿ."

"ಓದುಗರು ಓದಿ ಆಯಿತು."

ಅವಳು ನಿಮ್ಮ ಕಡೆ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ನಿಮ್ಮ ಬಾಯಿ ಅಲುಗುತ್ತಿದೆಯೇ ಎಂದು ನೋಡುತ್ತಿದ್ದಳೋ ಏನೋ.

೮

ಸೋಮವಾರ ಹತ್ತಿರ ಬಂತು. ಮುಕ್ತಾಯ ಹುಡುಕಲೇಬೇಕು. ಇವುಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

ಮುಕ್ತಾಯ ಒಂದು: ಸೋಮವಾರ ಫೋನ್ ಬಂತು. ರಾಣಿ ಅದನ್ನು ಕಿವಿಗೆ ಹಿಡಿದು "ಹಲೋ" ಎಂದಳು. (ಇದರ ಮುಂದೆ ಬರೆಯಲು ಕೈ ಏಳಲಿಲ್ಲ. ನಿಮಗೆ ಅಷ್ಟು ಕಲ್ಲೆದೆ ಇದ್ದರೆ ನೀವೇ ಬರೆದುಕೊಳ್ಳಿ.)

ಮುಕ್ತಾಯ ಎರಡು: ಧಾರವಾಡದ ಡಾಕ್ಟರು ಕಿವಿಗೆ ಮಷೀನು ಹಾಕಿದರು. ಊರವರು ಚಪ್ಪಾಳೆ ತಟ್ಟಿದರು. ಗೋಡೆಯ ಮೇಲಿನ ಗುಬ್ಬಿಯ ಚಿಲಿಪಿಲಿ ಕೇಳಿ ರಾಣಿಯ ಕಣ್ಣು ತುಂಬಿತು.

"ಇದು ಕತಿ ಅಲ್ರಿ ಸರ, ದವಾಖಾನಿ ಗ್ವಾಡಿ ಮ್ಯಾಲಿನ ಪೋಸ್ಟರ," ಎಂದಳು ರಾಣಿ. "ಮಷೀನಿನ ಮ್ಯಾಲ ನನಗ ಸಿಟ್ಟಿಲ್ಲ. ಹಾಕ್ಕೊಂಡ ದಿನ ಹೆಸರು ಹೋಗತೈತಿ, ಅಷ್ಟ."

ಮುಕ್ತಾಯ ಮೂರು: ಕಂಪನಿಯವರು "ಮುಖ ನೋಡಿಕೊಂಡೇ ಮಾತಾಡೋ ಕೆಲಸ ಕೊಡ್ತೀವಿ" ಎಂದರು. (ಇದನ್ನು ಓದಿ ಸ್ವತಃ ಕಲ್ಮೇಶ ನಕ್ಕ. ಅವನಿಗೆ ವಿಷಯ ಗೊತ್ತಿಲ್ಲ, ಕಂಪನಿಗಳ ಬಗ್ಗೆ ಮಾತ್ರ ಗೊತ್ತು.)

ನಾನು ಹೀಗೆ ಹಾಳೆ ಹರಿಯುತ್ತ ಕೂತಿದ್ದಾಗ ಅನ್ನಪೂರ್ಣಾ ಮೇಡಂ ನನ್ನನ್ನು ಕಾಯಲಿಲ್ಲ. ಐತವಾರ ದೊಡವಾಡದ ಬಸ್ಸು ಹತ್ತಿದರು. ರಾಣಿ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ಅಲ್ಲಿಂದಲೇ ನನ್ನನ್ನು ಗೋಗರೆದಳು.

"ಸರ, ನಿಂದರಸ್ರಿ ಅವರನ್ನ! ನಿಮ್ಮ ಕೈಯಾಗ ಐತಿ!"

ನಿಲ್ಲಿಸಿದೆ. ಅರ್ಧ ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಮಾಡಿದೆ. ಮೇಡಂ ಇಳಿದರು, ಹಿಂದೆ ಬರುತ್ತಿದ್ದ ಟಂಟಂ ಗಾಡಿಗೆ ಕೈ ಮಾಡಿ ಹತ್ತಿದರು. ಲೇಖಕನ ದರಬಾರು ಇಷ್ಟೇ. ಹತ್ತುವ ಮೊದಲು ನನಗೆ ಹೇಳಿದರು:

"ಮುತ್ತು ಮುತ್ತು ಅಂತ ಕುಣದಾಡಿದ್ನಿ. ದಿನಾ ಆಕಿ ಬಟ್ಟ ನೋಡಿದ್ನಿ, ಒಂದಿನಾನೂ ಆಕಿ ಮಾರಿ ನೋಡಲಿಲ್ಲ. ನಾಳೆ ಆ ಹುಡಿಗಿ ಫೋನ್ ಹಿಡಕೊಂಡು ನಿಂದರೂದನ್ನ ನಾ ನೋಡಲಾರೆ. ಅವರವ್ವಗ ಹೇಳೇ ಹೇಳತೇನಿ. ನೀವು ಅಡ್ಡ ಬರಬ್ಯಾಡ್ರಿ."

೯

ಶಟ್ಟೆವ್ವ ಮೇಡಂಗೆ ಕಂಬಳಿ ಹಾಸಿ ಕೂಡಿಸಿ, ಚಹಾ ಕೊಟ್ಟು, ಎದುರಿಗೆ ಕೂತಳು. ಮೇಡಂ ಮಾತನ್ನು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ನುಂಗಿದರು. ಕೊನೆಗೆ, "ಅವ್ವಾರ, ರಾಣಿ ಕಿವಿ..." ಎಂದರು.

"ಗೊತ್ತೈತ್ರಿ," ಎಂದಳು ಶಟ್ಟೆವ್ವ.

ಮೇಡಂ ಕಪ್ಪು ಕೆಳಗಿಟ್ಟರು. ನಾನು ಪೆನ್ನು ಕೆಳಗಿಟ್ಟೆ. ನಾವು ಯಾರೂ ಬರೆಯದೆಯೇ ಶಟ್ಟೆವ್ವ ಮಾತಾಡಿದಳು.

"ನಾ ಹಡದಾಕಿ ಅದೇನ್ರಿ ಅಕ್ಕೋರ. ಜ್ವರಾ ಬಿಟ್ಟ ಮ್ಯಾಲ ಒಂದಿನ ಓಣ್ಯಾಗ ಆಡಾಕ ಹತ್ತಿದ್ಲು. ಹಿಂದಿನಿಂದ ಕರದ್ನಿ. ಹೊಳ್ಳಿ ನೋಡಲಿಲ್ಲ. ಮತ್ತ ಕರದ್ನಿ. ಮಗ್ಗಲಮನಿ ಹುಡುಗೂರು ನಗಾಕ ಹತ್ತಿದ್ವು, ಒಂದು ಕೂಸು ಕೆಪ್ಪಿ ಅಂದೇ ಬಿಡ್ತು. ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ಅವತ್ತ ಮನಿಗೆ ಬಂದು ಎಲ್ಲಾರಿಗೂ ಹೇಳಿಬಿಟ್ನಿ, ಇನ್ನ ಮ್ಯಾಲ ಈ ಮನ್ಯಾಗ ಯಾರೂ ಯಾರನ್ನೂ ಹಿಂದಿನಿಂದ ಕರಿಯಂಗಿಲ್ಲ, ಅಪಶಕುನ, ದೇವರು ಮೈಮ್ಯಾಲ ಬಂದು ಹೇಳ್ಯಾನ ಅಂತ. ದೇವರ ಹೆಸರ ಹೇಳಿದ್ರ ಗಂಡಸರು ಕೇಳ್ತಾರ್ರಿ. ಹುಡುಗಿ ಕಿವಿ ಸಲುವಾಗಿ ಅಂದಿದ್ರ ಕೇಳತಿದ್ರೇನು?"

ಮೇಡಂ ಕೆಳಗಿಟ್ಟ ಕಪ್ಪನ್ನು ಶಟ್ಟೆವ್ವ ಮತ್ತೆ ಅವರ ಕೈಗೆ ಕೊಟ್ಟಳು.

"ಭಾವಗೋಳ ಮುಂದ ನಾ ಬಾಯಿಗೆ ಸೆರಗ ಹಿಡಿಯಂಗಿಲ್ಲ. ನಾಚಿಕಿ ಇಲ್ಲದಾಕಿ ಅಂತಾರ. ಅನ್ನಲಿ. ಎಲಿ-ತಂಬಾಕ ಬಿಟ್ನಿ, ಬಾಯಾಗ ಎಲಿ ಇದ್ರ ನನ್ನ ಮಾತು ಆಕಿಗೆ ಕಾಣಂಗಿಲ್ಲ."

"ದವಾಖಾನಿಗೆ ಯಾಕ ಒಯ್ಯಲಿಲ್ರಿ ಅವ್ವಾರ?"

ಶಟ್ಟೆವ್ವ ನೆಲ ನೋಡಿದಳು. "ಅಲ್ಲೇ ತಪ್ಪಿದ್ನಿ. ಒಯ್ದ್ರ ಊರಿಗೆಲ್ಲಾ ಗೊತ್ತಾಗತಿತ್ತು. ಹೆಸರು ಹೋಗತಿತ್ತು. ಈಗ ಅನಸ್ತೈತಿ, ಹೆಸರು ಹೋದ್ರ ಹೋಗವಲ್ದ್ಯಾಕ, ಒಯ್ಯಬೇಕಿತ್ತು ಅಂತ. ಆದ್ರ ಕೈ ಮುಗೀತೇನಿ ಅಕ್ಕೋರ, ನನಗ ಗೊತ್ತೈತಿ ಅಂತ ಆಕಿಗೆ ಹೇಳಬ್ಯಾಡ್ರಿ. ಅವ್ವಗ ಗೊತ್ತಿಲ್ಲ, ಅವ್ವನ್ನ ಕಾಯಾಕ ಹತ್ತೇನಿ ಅಂತ ಆಕಿ ತಲಿ ಎತ್ತಿ ಅಡ್ಡಾಡ್ತಾಳ. ಅದೊಂದ ಆಕಿ ಧೈರ್ಯ."

ಇದು ನನಗೆ ಬಿದ್ದ ಎರಡನೆಯ ಪೆಟ್ಟು, ಮತ್ತು ಮೊದಲನೆಯದಕ್ಕಿಂತ ಜೋರು. ಈ ಹೆಂಗಸಿನ ಮೇಲೆ ನಾನು ಹಾಸ್ಯ ಬರೆದಿದ್ದೆ. ಕರಿಬೇವಿಗಾಗಿ ಬಸ್ ಸ್ಟ್ಯಾಂಡಿನ ತನಕ ಓಡಿದ್ದಕ್ಕೆ ನಕ್ಕಿದ್ದೆ. ಚಾಟಿ ಬೀಸಿದ್ದೆನಂತೆ! ಶಟ್ಟೆವ್ವನ ಎದುರು ನಾನೂ ಭಾಷೆ ಕೊಟ್ಟೆ. ನಿನ್ನ ಗುಟ್ಟನ್ನು ರಾಣಿಗೆ ಹೇಳುವುದಿಲ್ಲ ತಾಯಿ, ಈ ಕತೆಯಲ್ಲಿ ಯಾರ ಬಾಯಿಂದಲೂ ಹೇಳಿಸುವುದಿಲ್ಲ.

೧೦

"ಸರ."

ಗಿರಣಿಯ ಗದ್ದಲದ ನಡುವೆ, ಹಿಟ್ಟಿನ ಡಬ್ಬಿಯ ಮೇಲೆ ರಾಣಿ ಕೂತಿದ್ದಳು.

"ಒಂಬತ್ತನೇದ್ದು ಓದಿದ್ನಿ."

ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ. ಇವಳು ಮೊದಲಿನಿಂದಲೂ ನಾನು ಕೇಳಿದ್ದಕ್ಕೆಲ್ಲ ತಪ್ಪದೆ ಉತ್ತರ ಕೊಡುತ್ತಿದ್ದಳು, ನಾನು ಯಾವ ದಿಕ್ಕಿನಿಂದ ಮಾತಾಡಿದರೂ. ಹೇಗೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವಳು ಓದುತ್ತಿದ್ದಳು. ಹೇಳುವುದಿಲ್ಲ ಎಂಬ ಭಾಷೆಯನ್ನು ಕೂಡ ನಾನು ಬರೆದೇ ಕೊಟ್ಟಿದ್ದೆ.

"ರಾಣಿ, ನಾನು..."

"ಸುಮ್ನಿರ್ರಿ, ಇನ್ನೊಮ್ಮೆ ಓದತೇನಿ."

ಓದಿದಳು. ಎಲೆ-ತಂಬಾಕಿನ ಸಾಲಿನ ಹತ್ತಿರ ಬಂದು ನಿಂತಳು. ಅವಳ ಕಣ್ಣಿನಿಂದ ನೀರು ಇಳಿದು ಕಾಡಿಗೆ ನಿಜಕ್ಕೂ ಹರಡಿತು, ಒರೆಸಿಕೊಳ್ಳಲಿಲ್ಲ.

"ಇಲ್ಲೆ ಹಾಳಿ ಮ್ಯಾಲ ಪ ಬ್ಯಾರೆ ಐತ್ರಿ, ಬ ಬ್ಯಾರೆ ಐತಿ, ಮ ಬ್ಯಾರೆ ಐತಿ," ಎಂದಳು ಕೊನೆಗೆ. "ಯಾರು ಬೆನ್ನ ತಿರುವಿ ಮಾತಾಡಿದ್ರೂ ತಿಳೀತೈತಿ. ನಾ ಇಲ್ಲದಾಗ ಅವ್ವ ಮಾತಾಡಿದ್ದು ನನಗ ಕೇಳಿದ್ದು ಇದ ಮೊದಲು."

ನನಗೆ ಅಳು ಬಂತು. ಲೇಖಕನ ಬಿಗುಮಾನ ಉಳಿಸಿಕೊಳ್ಳಲು ಸೋಮವಾರದ ಮಾತು ತೆಗೆದೆ. ಕತೆ ಮುಗಿಸಬೇಕಲ್ಲ, ಹೆಸರು ವಾಪಸು ತೆಗೆಸೋಣವೇ, ಮೇಡಂ ಏನು ಹೇಳಬೇಕು, ಅವ್ವನ ಎದುರು ನೀನು ಹೇಗೆ ನಿಲ್ಲುತ್ತೀ.

"ಸ್ವಾಮಾರದ್ದು ಬರಿಬ್ಯಾಡ್ರಿ. ಇವತ್ತ ಇನ್ನೂ ಐತವಾರ ಐತಿ. ಅಕ್ಕೋರು ಎದ್ದು ಹ್ವಾದ್ಮ್ಯಾಲ ಅವ್ವ ಏನ ಮಾಡಿದ್ಲು? ಅದನ್ನ ಬರೀರಿ."

ಬರೆದೆ.

ಮೇಡಂ ಹೋದ ಮೇಲೆ ಶಟ್ಟೆವ್ವ ಕಪ್ಪು ತೊಳೆದಳು. ಎಮ್ಮೆಗೆ ಹೊಟ್ಟು ಕಲಸಿ ಇಟ್ಟಳು. ರಾಮಲಿಂಗಪ್ಪ ಮನೆಯಲ್ಲಿರಲಿಲ್ಲ. ಹಿತ್ತಲಿನ ಬಾಗಿಲಿಗೆ ಬಂದು ಆಚೆ ಈಚೆ ನೋಡಿದಳು, ಯಾರೂ ಇಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು, ಗಂಟಲು ಸರಿಮಾಡಿಕೊಂಡು, ದೂರ ಆಡುತ್ತಿರುವ ಕೂಸನ್ನು ಊಟಕ್ಕೆ ಕರೆಯುವ ದನಿಯಲ್ಲಿ, ಬೇಲಿಯಾಚೆಗೂ ಮುಟ್ಟುವ ಹಾಗೆ ಕೂಗಿದಳು:

"ರಾಣೀ!"

ಎಮ್ಮೆ ಬಾನಿಯಿಂದ ತಲೆ ಎತ್ತಿ ಅವಳನ್ನು ನೋಡಿತು.

"ನಿನಗಲ್ಲ, ತಿನ್ನು," ಎಂದಳು ಶಟ್ಟೆವ್ವ. "ದಿನಾ ಒಂದ ಸಲ ಕರೀತೇನಿ, ಇನ್ನೂ ರೂಢಿ ಆಗಿಲ್ಲೇನ ನಿನಗ?"

ರಾಣಿ ಆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೂತಳು. ಗಿರಣಿಯವನು ಹಿಟ್ಟು ಆಯಿತೆಂದು ಅವಳ ಹಿಂದಿನಿಂದ ಕೂಗುತ್ತಿದ್ದ. ನಾನು ಅದನ್ನು ಬರೆಯಲಿಲ್ಲ (ಈಗ ಬರೆದೆ, ಆದರೆ ಅವಳು ಇತ್ತ ನೋಡುತ್ತಿಲ್ಲ).

ಓದುಗರೇ, ಇಲ್ಲಿ ಕತೆ ಮುಗಿಯಬೇಕಿತ್ತು. ಸೋಮವಾರದ ಫೋನು ಬಾಕಿ ಇದೆ, ತಾಯಿ ಮಗಳು ಎದುರುಬದುರಾಗುವುದು ಬಾಕಿ ಇದೆ, ನಾನು ಮುರಿದ ಭಾಷೆಗೆ ಶಟ್ಟೆವ್ವ ಬೈಯುವುದು ಬಾಕಿ ಇದೆ. ಒಂದನ್ನೂ ಬರೆಯಲು ಇವಳು ಬಿಡುತ್ತಿಲ್ಲ.

"ಇನ್ನೊಮ್ಮೆ ಬರೀರಿ ಸರ."

"ಏನನ್ನ?"

"ಅವ್ವ ಕರದದ್ದು."

ಬರೆದೆ.

"ರಾಣೀ!"

"ಇನ್ನೊಮ್ಮೆ," ಎಂದಳು.